ಲ್ಯಾಪ್‌ಟಾಪಿನ ಮಾರ್ಗಯೋಜನೆ, ಜಿಪಿಎಸ್ ರಿಸೀವರ್ ಮತ್ತು ಸಿಗಂದೂರಿನ ದಾರಿ: ಕೆಲವು ಸಂದೇಹಗಳು

ಪ್ರಶ್ನೆ ಕೇಳಿದವರು: ಹೊಳೆಬಾಗಿಲು_ಯಾತ್ರಿಕ

ಎಲ್ಲರಿಗೂ ನಮಸ್ಕಾರ. ಹೋದ ತಿಂಗಳು ಅಮ್ಮನನ್ನು ಕರೆದುಕೊಂಡು ಬೆಂಗಳೂರಿನಿಂದ ಸಿಗಂದೂರಿಗೆ ಹೋಗಿದ್ದೆ. ತುಮಕೂರು, ಅರಸೀಕೆರೆ, ಕಡೂರು, ಶಿವಮೊಗ್ಗ, ಸಾಗರದ ಮೇಲೆ ಹೋಗುವ ದಾರಿಯನ್ನು ಹಿಂದಿನ ರಾತ್ರಿಯೇ ಲ್ಯಾಪ್‌ಟಾಪಿನಲ್ಲಿ ಗುರುತು ಹಾಕಿಕೊಂಡಿದ್ದೆ. ನನ್ನಲ್ಲಿರುವುದು ಹಳೆಯದೊಂದು ಲ್ಯಾಪ್‌ಟಾಪ್, ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ, ಜನರೇ ಸೇರಿ ತಿದ್ದುವ ನಕ್ಷೆಯ ಮೇಲೆ ಇಂಟರ್ನೆಟ್ ಇಲ್ಲದೆಯೇ ಓಡುವ ಉಚಿತ ತಂತ್ರಾಂಶ, ಮತ್ತು ಬೆಂಕಿಪೊಟ್ಟಣದಷ್ಟೇ ಇರುವ ಯುಎಸ್‌ಬಿ ಜಿಪಿಎಸ್ ರಿಸೀವರ್. ಮಲೆನಾಡಿನ ಬಹುಪಾಲು ದಾರಿಯಲ್ಲಿ ಮೊಬೈಲ್ ಸಿಗ್ನಲ್ ಕೈಕೊಡುತ್ತದೆ. ಜೊತೆಗೆ ಪಕ್ಕದಲ್ಲಿ ಕುಳಿತ ಅಮ್ಮನಿಗೆ ಕನ್ನಡಕವಿಲ್ಲದೆಯೂ ಊರಿನ ಹೆಸರು ಓದುವಷ್ಟು ದೊಡ್ಡ ಪರದೆ ಬೇಕು. ಫೋನನ್ನು ಬಿಟ್ಟು ಈ ವ್ಯವಸ್ಥೆ ಮಾಡಿಕೊಂಡದ್ದು ಈ ಎರಡು ಕಾರಣಗಳಿಗಾಗಿ.

ಸಾಗರ ದಾಟುವವರೆಗೆ ಪರವಾಗಿಲ್ಲ ಎನ್ನುವಂತಿತ್ತು. ಅಂಬಾರಗೊಡ್ಲಿನಲ್ಲಿ ಹೊಸ ಸೇತುವೆಯ ಮೇಲೆ ಕಾರು ನಲವತ್ತರ ವೇಗದಲ್ಲಿ ಹೋಗುತ್ತಿದ್ದಾಗ, ಪರದೆಯ ಮೇಲಿನ ಹಸಿರು ಬಾಣ ಶರಾವತಿ ಹಿನ್ನೀರಿನ ನೀಲಿಬಣ್ಣದ ನಟ್ಟನಡುವೆ ತೇಲತೊಡಗಿತು. ಹಿಂದಕ್ಕೆ ತಿರುಗಿ, ವಾಹನಗಳನ್ನು ಹೊಳೆ ದಾಟಿಸುವ ಲಾಂಚ್ ಇರುವ ಕಡೆಗೆ ಹೋಗಬೇಕೆಂದು ತಂತ್ರಾಂಶ ಅರ್ಧ ನಿಮಿಷಕ್ಕೊಮ್ಮೆ ಹೇಳುತ್ತಲೇ ಇತ್ತು. ಅಮ್ಮ ಪರದೆಯನ್ನೊಮ್ಮೆ, ಕಿಟಕಿಯ ಹೊರಗೊಮ್ಮೆ ನೋಡಿ, "ಇದಕ್ಕೆ ಸೇತುವೆ ಕಟ್ಟಿದ್ದು ಯಾರೂ ಹೇಳಿಲ್ಲವೇನೋ" ಎಂದರು. ನನ್ನ ನಕ್ಷೆ 2022ರದು, ಸೇತುವೆ ಸಂಚಾರಕ್ಕೆ ತೆರೆದುಕೊಂಡದ್ದು 2025ರ ಜುಲೈ 14ರಂದು. ಆದ್ದರಿಂದ ಅದರ ತಪ್ಪೇನೂ ಇಲ್ಲ. ಆದರೆ ನಕ್ಷೆಯನ್ನು ಹೊಸದಾಗಿಸುವ ಸರಿಯಾದ ಕ್ರಮ ಯಾವುದು ಎಂಬುದು ನನ್ನ ಮೊದಲ ಪ್ರಶ್ನೆ.

ಉಳಿದ ತೊಂದರೆಗಳನ್ನೂ ಹೇಳಿಬಿಡುತ್ತೇನೆ. ಅಪಾರ್ಟ್‌ಮೆಂಟಿನ ನೆಲಮಾಳಿಗೆಯಿಂದ ಹೊರಟ ಮೇಲೆ ರಿಸೀವರ್ ನಮ್ಮ ಸ್ಥಾನ ಹಿಡಿಯಲು ಹದಿನೈದು ನಿಮಿಷ ತೆಗೆದುಕೊಂಡಿತು. ಅಷ್ಟರಲ್ಲಿ ನಾವು ಗೊರಗುಂಟೆಪಾಳ್ಯದಲ್ಲಿದ್ದೆವು. ಪೀಣ್ಯ ಮೇಲ್ಸೇತುವೆಯ ಮೇಲಿದ್ದಾಗ ಬಾಣ ಕೆಳಗಿನ ರಸ್ತೆಗೆ ಹಾರಿ, ಇಲ್ಲದ ತಿರುವುಗಳನ್ನೆಲ್ಲ ಸೂಚಿಸತೊಡಗಿತು. ದಾರಿಯಲ್ಲಿ ಚಹಾಕ್ಕೆ ನಿಲ್ಲಿಸಿ ಲ್ಯಾಪ್‌ಟಾಪನ್ನು ಮತ್ತೆ ಚಾಲೂ ಮಾಡಿದಾಗ ಮೌಸ್ ಬಾಣ ತನ್ನಷ್ಟಕ್ಕೆ ತಾನೇ ಪರದೆಯ ತುಂಬ ಕುಣಿದು, ಕಂಡಕಂಡ ಕಡತಗಳನ್ನು ತೆರೆಯಿತು. ಇವೆಲ್ಲದರ ಮೇಲೆ, ತಂತ್ರಾಂಶ ಆರು ಗಂಟೆ ಎಂದಿದ್ದ ಪ್ರಯಾಣಕ್ಕೆ ಊಟ, ಚಹಾ ಬಿಟ್ಟು ಎಂಟು ಗಂಟೆಗೂ ಹೆಚ್ಚು ಹಿಡಿಯಿತು. ಅನುಭವವಿರುವವರು ದಯವಿಟ್ಟು ತಿಳಿಸಿ.

ಉತ್ತರ 1: ನಿವೃತ್ತ_ತಂತ್ರಜ್ಞ

ನಿಮ್ಮ ತೊಂದರೆಗಳಲ್ಲಿ ಎರಡು ರಿಸೀವರಿಗೆ ಸೇರಿದವು, ಉಳಿದವು ನಕ್ಷೆಗೂ ತಂತ್ರಾಂಶಕ್ಕೂ ಸೇರಿದವು. ಎಲ್ಲವನ್ನೂ "ಜಿಪಿಎಸ್ ಸರಿಯಿಲ್ಲ" ಎಂಬ ಒಂದೇ ಮಾತಿನಲ್ಲಿ ಕಟ್ಟಿಹಾಕುವುದರಿಂದಲೇ ಹೆಚ್ಚಿನವರು ಚೆನ್ನಾಗಿರುವ ರಿಸೀವರನ್ನು ಬದಲಾಯಿಸಿ ಹಣ ಕಳೆದುಕೊಳ್ಳುತ್ತಾರೆ. ರಿಸೀವರಿಗೆ ರಸ್ತೆಯೆಂದರೆ ಏನೆಂದೇ ಗೊತ್ತಿಲ್ಲ. ಅದು ಸೆಕೆಂಡಿಗೊಮ್ಮೆ ಅಕ್ಷಾಂಶ, ರೇಖಾಂಶ, ಸಮಯ, ವೇಗ, ದಿಕ್ಕು ಇಷ್ಟನ್ನು ಅಕ್ಷರರೂಪದ ಸಾಲುಗಳಲ್ಲಿ ಕಳಿಸುತ್ತದೆ. ಆ ಚುಕ್ಕಿಯನ್ನು ಯಾವ ರಸ್ತೆಯ ಮೇಲೆ ಕೂರಿಸಬೇಕೆಂಬುದು ತಂತ್ರಾಂಶದ ತೀರ್ಮಾನ.

ಹದಿನೈದು ನಿಮಿಷದ ವಿಷಯಕ್ಕೆ ಬರೋಣ. ಪ್ರತಿಯೊಂದು ಜಿಪಿಎಸ್ ಉಪಗ್ರಹವೂ ತನ್ನ ಕಕ್ಷೆಯ ನಿಖರವಾದ ವಿವರವನ್ನು ಸೆಕೆಂಡಿಗೆ 50 ಬಿಟ್‌ಗಳ ಆಮೆವೇಗದಲ್ಲಿ ಬಿತ್ತರಿಸುತ್ತದೆ. ಈ ವಿವರ 30 ಸೆಕೆಂಡಿಗೊಮ್ಮೆ ಮರುಕಳಿಸುತ್ತದೆ. ಎಲ್ಲ ಉಪಗ್ರಹಗಳ ಸ್ಥೂಲ ಪಟ್ಟಿ ಪೂರ್ತಿಯಾಗಿ ಬರಬೇಕಾದರೆ 12.5 ನಿಮಿಷ ಬೇಕು. ವಾರಗಟ್ಟಲೆ ಡ್ರಾಯರಿನಲ್ಲಿ ಮಲಗಿದ್ದ ರಿಸೀವರಿನ ಪುಟ್ಟ ಬ್ಯಾಟರಿ ಬರಿದಾಗಿ ಹಳೆಯ ಮಾಹಿತಿಯೆಲ್ಲ ಅಳಿಸಿಹೋಗಿರುತ್ತದೆ. ಅಂಥದ್ದನ್ನು ನೆಲಮಾಳಿಗೆಯಲ್ಲಿ ಚಾಲೂ ಮಾಡಿ, ಕಟ್ಟಡಗಳ ನಡುವೆ ಕಾರು ಓಡಿಸುತ್ತ ಹೋದರೆ, ಮೂವತ್ತು ಸೆಕೆಂಡಿನ ಪಾಠ ಇಪ್ಪತ್ತನೆಯ ಸೆಕೆಂಡಿನಲ್ಲಿ ಕಡಿದುಹೋಗುತ್ತದೆ, ಅದು ಮತ್ತೆ ಮೊದಲಿನಿಂದ ಕಾಯಬೇಕಾಗುತ್ತದೆ. ಗೇಟಿನ ಹೊರಗೆ, ಆಕಾಶ ಕಾಣುವ ಕಡೆ ಮೂರು ನಿಮಿಷ ನಿಲ್ಲಿಸಿ ಸ್ಥಾನ ಸಿಕ್ಕಿದ ಮೇಲೆ ಹೊರಡಿ. ಚಹಾಕ್ಕೆ ನಿಲ್ಲಿಸಿ ಮತ್ತೆ ಹೊರಟಾಗ ಬೇಗ ಸಿಗುತ್ತದೆ, ಏಕೆಂದರೆ ಒಮ್ಮೆ ಪಡೆದ ಕಕ್ಷೆಯ ವಿವರ ಕೆಲವು ಗಂಟೆಗಳ ಕಾಲ ಬಳಕೆಗೆ ಬರುತ್ತದೆ. ಫೋನುಗಳು ಇದೇ ವಿವರವನ್ನು ಇಂಟರ್ನೆಟ್ಟಿನಿಂದ ಒಂದೇ ಗುಕ್ಕಿಗೆ ತರಿಸಿಕೊಳ್ಳುವುದರಿಂದ ಚುರುಕಾಗಿ ಕಾಣುತ್ತವೆ, ಅಷ್ಟೆ.

ಇನ್ನು ಕುಣಿಯುವ ಮೌಸ್. ಇದನ್ನು ವೈರಸ್ ಎಂದುಕೊಂಡು ಇಡೀ ಕಂಪ್ಯೂಟರನ್ನೇ ಫಾರ್ಮ್ಯಾಟ್ ಮಾಡಿಸಿದವರನ್ನು ನಾನು ಬಲ್ಲೆ. ವಿಂಡೋಸ್ ಏಳುವ ಹೊತ್ತಿನಲ್ಲಿ ಸೀರಿಯಲ್ ಪೋರ್ಟಿನಲ್ಲಿ (ಅಕ್ಷರಗಳು ಒಂದರ ಹಿಂದೊಂದು ಬರುವ ಹಳೆಯ ಬಗೆಯ ಕಿಂಡಿ; ನಿಮ್ಮ ರಿಸೀವರ್ ಕಂಪ್ಯೂಟರಿಗೆ ಕಾಣುವುದೂ ಹೀಗೆಯೇ) ಏನೋ ಅಕ್ಷರಗಳು ಹರಿದುಬರುತ್ತಿದ್ದರೆ, ಅಲ್ಲೊಂದು ಹಳೆಯ ಕಾಲದ ಸೀರಿಯಲ್ ಮೌಸ್ ಇದೆಯೆಂದು ಅದು ಭ್ರಮಿಸುತ್ತದೆ. ನಿಮ್ಮ ಅಕ್ಷಾಂಶ ರೇಖಾಂಶಗಳೇ ಆಗ ಮೌಸಿನ ಚಲನೆಯಾಗಿಬಿಡುತ್ತವೆ. ಕಂಪ್ಯೂಟರ್ ಪೂರ್ತಿ ಎದ್ದ ಮೇಲೆ ರಿಸೀವರ್ ಚುಚ್ಚಿದರೆ ಸಾಕು. ಶಾಶ್ವತ ಪರಿಹಾರ ಬೇಕಿದ್ದರೆ ಡಿವೈಸ್ ಮ್ಯಾನೇಜರ್ ತೆರೆದು, ಮೌಸ್‌ಗಳ ಪಟ್ಟಿಯಲ್ಲಿ 'ಸೀರಿಯಲ್ ಬಾಲ್‌ಪಾಯಿಂಟ್' ಎಂದು ಕಾಣುವುದನ್ನು ನಿಷ್ಕ್ರಿಯಗೊಳಿಸಿ. ಅಳಿಸಬೇಡಿ, ಅಳಿಸಿದರೆ ಮುಂದಿನ ಸಲ ಮತ್ತೆ ಬರುತ್ತದೆ. ಪ್ರತಿ ಸಲವೂ ಅದೇ ಯುಎಸ್‌ಬಿ ಕಿಂಡಿಗೇ ಚುಚ್ಚುವುದನ್ನು ರೂಢಿಸಿಕೊಳ್ಳಿ. ಕಿಂಡಿ ಬದಲಾದರೆ ಕಂಪ್ಯೂಟರ್ ಅದಕ್ಕೆ ಕೊಡುವ ಕಾಮ್ ಪೋರ್ಟಿನ ಸಂಖ್ಯೆ ಬದಲಾಗಬಹುದು, ಆಗ ತಂತ್ರಾಂಶ ಖಾಲಿ ಪೋರ್ಟಿಗೆ ಕಿವಿಗೊಟ್ಟು ಕುಳಿತಿರುತ್ತದೆ. ಮಾಹಿತಿ ಹರಿದುಬರುವ ವೇಗದ ಹೊಂದಾಣಿಕೆಯನ್ನೂ ನೋಡಿ: ಹಳೆಯ ಪದ್ಧತಿ ಸೆಕೆಂಡಿಗೆ 4800 ಬಿಟ್, ಈಚಿನ ಎಷ್ಟೋ ಮಾಡ್ಯೂಲುಗಳದು 9600. ಇದು ತಪ್ಪಿದರೆ ಸಾಲುಗಳ ಬದಲು ಕಸ ಬರುತ್ತದೆ.

ಒಂದು ಎಚ್ಚರಿಕೆ. ಆ ಸಾಲುಗಳಲ್ಲಿ ಅಕ್ಷಾಂಶ ಬರುವುದು ಡಿಗ್ರಿ ಮತ್ತು ಮಿನಿಟುಗಳಲ್ಲಿ. 1430 ಎಂದಿದ್ದರೆ ಅದು 14 ಡಿಗ್ರಿ 30 ಮಿನಿಟು, ಅಂದರೆ 14.5 ಡಿಗ್ರಿ. ಅದನ್ನು 14.30 ಎಂದು ನಕ್ಷೆಯಲ್ಲಿ ಕೈಯಾರೆ ತುಂಬಿದರೆ ಗುರುತು 22 ಕಿ.ಮೀ. ದಕ್ಷಿಣಕ್ಕೆ ಬೀಳುತ್ತದೆ. ಹಾಗೆಯೇ ನಿಮ್ಮ ರಿಸೀವರ್ ತೀರ ಹಳೆಯದಾಗಿದ್ದು, ಸ್ಥಾನ ಸರಿಯಾಗಿದ್ದರೂ ತಾರೀಖು ಇಪ್ಪತ್ತು ವರ್ಷ ಹಿಂದಿನದನ್ನು ತೋರಿಸಿದರೆ ಗಾಬರಿಯಾಗಬೇಡಿ. ಜಿಪಿಎಸ್‌ನ ವಾರದೆಣಿಕೆ 1024 ವಾರಗಳಿಗೊಮ್ಮೆ ಸೊನ್ನೆಗೆ ಮರಳುತ್ತದೆ. 2019ರ ಏಪ್ರಿಲ್ 6ರ ರಾತ್ರಿ ಹಾಗಾಯಿತು. ದಾರಿ ತೋರಿಸುವುದಕ್ಕೆ ಅಷ್ಟರಿಂದಲೇ ಅಡ್ಡಿಯಾಗದು, ದಾಖಲಿಸಿಕೊಂಡ ಪ್ರಯಾಣದ ತಾರೀಖು ಮಾತ್ರ ಕೆಡುತ್ತದೆ.

ಉತ್ತರ 2: ಫ್ರೀಮಾಂಟ್_ಕನ್ನಡಿಗ

ನಿಮ್ಮ ಪ್ರಶ್ನೆ ಓದಿ ಇಪ್ಪತ್ತು ವರ್ಷ ಹಿಂದಕ್ಕೆ ಹೋದಂತಾಯಿತು. ಫೋನುಗಳಿಗೆ ದಾರಿ ಹೇಳುವ ಬುದ್ಧಿ ಬರುವ ಮುಂಚೆ, ಇಲ್ಲಿ ಅಮೆರಿಕದಲ್ಲಿ ನಾವೆಲ್ಲ ಮೈಕ್ರೋಸಾಫ್ಟ್‌ನ ಸ್ಟ್ರೀಟ್ಸ್ ಆ್ಯಂಡ್ ಟ್ರಿಪ್ಸ್ ಅಥವಾ ಡಿಲಾರ್ಮ್‌ನ ಸ್ಟ್ರೀಟ್ ಅಟ್ಲಾಸ್ ಎಂಬ ತಂತ್ರಾಂಶಗಳನ್ನು ಬಳಸುತ್ತಿದ್ದೆವು. ಡಬ್ಬದಲ್ಲಿ ಡಿಸ್ಕಿನ ಜೊತೆಗೆ ರಿಸೀವರನ್ನೂ ಇಟ್ಟು ಮಾರುತ್ತಿದ್ದರು. ಮೊದಲನೆಯದರ ಕೊನೆಯ ಆವೃತ್ತಿ 2013ರದು. ಎರಡನೆಯ ಕಂಪನಿಯನ್ನು 2016ರಲ್ಲಿ ಗಾರ್ಮಿನ್ ಕೊಂಡುಕೊಂಡಿತು. ಆ ಕಾಲ ಮುಗಿದರೂ ಆಗ ಕಲಿತ ಒಂದು ಅಭ್ಯಾಸವನ್ನು ನಾನು ಇಂದಿಗೂ ಬಿಟ್ಟಿಲ್ಲ: ಯೋಜನೆ ಮಾಡುವುದು ಊಟದ ಮೇಜಿನ ಮೇಲೆ, ಕಾರಿನಲ್ಲಿ ಅಲ್ಲ.

ಸಮಯದ ಲೆಕ್ಕ ತಪ್ಪುವುದಕ್ಕೆ ಮದ್ದು ತಂತ್ರಾಂಶದ ಒಳಗೇ ಇದೆ, ಯಾರೂ ಆ ಪುಟವನ್ನು ತೆರೆಯುವುದಿಲ್ಲ. ಇಂಥ ಬಹುತೇಕ ತಂತ್ರಾಂಶಗಳಲ್ಲಿ ಹೆದ್ದಾರಿ, ರಾಜ್ಯ ರಸ್ತೆ, ಊರೊಳಗಿನ ರಸ್ತೆ ಎಂದು ಒಂದೊಂದು ವರ್ಗಕ್ಕೂ ಸರಾಸರಿ ವೇಗವನ್ನು ನಾವೇ ನಿಗದಿ ಮಾಡಬಹುದು. ಮೊದಲೇ ತುಂಬಿರುವ ಅಂಕಿಗಳು ಬೇರೆ ದೇಶದ ರಸ್ತೆಗಳನ್ನು ನೋಡಿ ಬರೆದವು. ನಾನು ಇಲ್ಲಿ ಬಳಸುತ್ತಿದ್ದ ಲೆಕ್ಕವನ್ನೇ ಹಿಡಿದು ಒಮ್ಮೆ ಊರಿಗೆ ಬಂದಾಗ ಹಾಸನದಿಂದ ಧರ್ಮಸ್ಥಳಕ್ಕೆ ಎರಡೂವರೆ ಗಂಟೆ ಎಂದು ಅತ್ತೆಗೆ ಮಾತು ಕೊಟ್ಟು, ಶಿರಾಡಿ ಘಾಟಿಯಲ್ಲಿ ಲಾರಿಗಳ ಹಿಂದೆ ಸಿಕ್ಕಿಕೊಂಡು, ಮಧ್ಯಾಹ್ನದ ಊಟಕ್ಕೆ ಎನ್ನುವಲ್ಲಿ ಸಂಜೆಯ ಕಾಫಿಗೆ ತಲುಪಿದ್ದೆ.

ಲ್ಯಾಪ್‌ಟಾಪ್ ಎಲ್ಲಿಡಬೇಕು ಎಂಬುದನ್ನು ನೀವು ಕೇಳಿಲ್ಲ, ಆದರೂ ಹೇಳಬೇಕು. ಕ್ಯಾಲಿಫೋರ್ನಿಯಾದಲ್ಲಿ 2009ರಿಂದ ಜಿಪಿಎಸ್ ಉಪಕರಣವನ್ನು ಮುಂದಿನ ಗಾಜಿಗೆ ಅಂಟಿಸುವುದಕ್ಕೆ ಅನುಮತಿ ಇರುವುದು ಚಾಲಕನ ಕಡೆಯ ಕೆಳಮೂಲೆಯ ಐದಂಗುಲ ಚೌಕದಲ್ಲಿ ಅಥವಾ ಚಾಲಕನಿಂದ ದೂರದ, ಎದುರು ಬದಿಯ ಕೆಳಮೂಲೆಯ ಏಳಂಗುಲ ಚೌಕದಲ್ಲಿ ಮಾತ್ರ. ಕಾನೂನು ಅಲ್ಲಿಯದೇ ಆದರೂ ಅದರ ಹಿಂದಿನ ವಿವೇಕ ನಿಮಗೂ ಅನ್ವಯಿಸುತ್ತದೆ, ಏಕೆಂದರೆ ಏರ್‌ಬ್ಯಾಗ್ ಬಿಚ್ಚಿಕೊಳ್ಳುವ ಜಾಗದಲ್ಲಿ ಎರಡು ಕಿಲೋ ತೂಕದ ವಸ್ತು ಇರಲೇಬಾರದು. ಅಮ್ಮನವರ ತೊಡೆಯ ಮೇಲೂ ಬೇಡ. ಹಿಂದಿನ ಸೀಟಿನಲ್ಲಿ ಓದಿ ಹೇಳುವವರೊಬ್ಬರಿದ್ದರೆ ಅವರ ಕೈಗೆ ಕೊಡಿ, ಇಲ್ಲದಿದ್ದರೆ ಧ್ವನಿಯನ್ನು ಮಾತ್ರ ಕೇಳಿ. ತಿರುವುಗಳ ಪಟ್ಟಿಯನ್ನು ಒಂದು ಹಾಳೆಯಲ್ಲಿ ದಪ್ಪಕ್ಷರದಲ್ಲಿ ಅಚ್ಚುಹಾಕಿ ಅಮ್ಮನವರಿಗೆ ಕೊಟ್ಟರೆ ಕನ್ನಡಕದ ಸಮಸ್ಯೆಯೂ ತೀರುತ್ತದೆ.

ಉತ್ತರ 3: ಸಾಗರದ_ಟ್ಯಾಕ್ಸಿ

ಮೇಲಿನ ಇಬ್ಬರ ಮಾತೂ ಸರಿಯೇ, ಆದರೆ ವೇಗದ ಅಂಕಿಯನ್ನು ತಿದ್ದಿದ ಮಾತ್ರಕ್ಕೆ ನಮ್ಮ ಕಡೆಯ ಲೆಕ್ಕ ಕೂಡಿಬರುವುದಿಲ್ಲ ಎಂದು ಸವಿನಯವಾಗಿ ಹೇಳಬಯಸುತ್ತೇನೆ. ಲಾಂಚ್ ಇದ್ದ ಕಾಲದಲ್ಲಿ ಹೊಳೆ ದಾಟುವುದಕ್ಕೆ ನಕ್ಷೆಯಲ್ಲಿ ಕೆಲವೇ ನಿಮಿಷಗಳಿರುತ್ತಿದ್ದವು. ರಜಾದಿನಗಳಲ್ಲಿ ದಡದಲ್ಲಿ ಕಾರುಗಳು ಸಾಲುಗಟ್ಟಿ ನಿಂತು, ಸರತಿ ಬರುವಷ್ಟರಲ್ಲಿ ಎಷ್ಟು ಹೊತ್ತಾಗುತ್ತಿತ್ತು ಎನ್ನುವುದು ಯಾವ ತಂತ್ರಾಂಶಕ್ಕೂ ಕಾಣುತ್ತಿರಲಿಲ್ಲ. ಸಂಜೆ ಕೊನೆಯ ಲಾಂಚ್ ತಪ್ಪಿದರೆ ನಿಟ್ಟೂರಿನ ಕಡೆಯಿಂದ ಬಳಸಿ ಬರಬೇಕಾಗುತ್ತಿತ್ತು. ಈಗ ಸೇತುವೆಯಾಗಿದೆ, ಆ ತಾಪತ್ರಯ ಹೋಗಿದೆ. ಮಳೆಗಾಲದಲ್ಲಿ ಘಾಟಿ ಮುಚ್ಚುವುದು ಮಾತ್ರ ಹೋಗಿಲ್ಲ. ಆಗುಂಬೆಯಲ್ಲಿ ಗುಡ್ಡ ಜಾರಿದರೆ, ಚಾರ್ಮಾಡಿಯಲ್ಲಿ ಮರ ಬಿದ್ದರೆ, ಆ ಸುದ್ದಿ ಮೊದಲು ಬರುವುದು ಎದುರಿನಿಂದ ಬರುವ ಬಸ್ಸಿನ ಚಾಲಕನಿಂದ. ಸಿಗ್ನಲ್ ಇಲ್ಲದ ಲ್ಯಾಪ್‌ಟಾಪಿಗೆ ಅದು ಬರುವುದೇ ಇಲ್ಲ.

ಮುಖ್ಯವಾಗಿ ಗಮನಿಸಬೇಕಾದದ್ದು 'ಅತಿ ಕಡಿಮೆ ದೂರ' ಎಂಬ ಆಯ್ಕೆ. ಅದನ್ನು ಮಲೆನಾಡಿನಲ್ಲಿ ಎಂದಿಗೂ ಒತ್ತಬೇಡಿ. ಹೋದ ವರ್ಷ ಕೊಪ್ಪದಿಂದ ಬಾಡಿಗೆಗೆ ಹೋಗುವಾಗ, ಹಿಂದೆ ಕುಳಿತಿದ್ದ ಪ್ರಯಾಣಿಕರೊಬ್ಬರು ತಮ್ಮ ಉಪಕರಣ ಆರು ಕಿ.ಮೀ. ಉಳಿಸುವ ದಾರಿ ತೋರಿಸುತ್ತಿದೆಯೆಂದು ಒತ್ತಾಯ ಮಾಡಿದರು. ಡಾಂಬರು ಮುಗಿದು ಜಲ್ಲಿ ಬಂತು, ಜಲ್ಲಿ ಮುಗಿದು ಕೆಮ್ಮಣ್ಣು ಬಂತು, ಕೊನೆಗೆ ಕಾಫಿ ತೋಟವೊಂದರ ಬೀಗ ಹಾಕಿದ ಕಬ್ಬಿಣದ ಗೇಟು ಬಂತು. ಕಾರು ತಿರುಗಿಸಲು ಜಾಗವಿಲ್ಲದೆ ಅರ್ಧ ಕಿ.ಮೀ. ಹಿಮ್ಮುಖವಾಗಿ, ಒಂದು ಬದಿ ಕಾಲುವೆಯನ್ನು ನೋಡಿಕೊಂಡು ಬಂದೆವು. ಗೇಟಿನ ಆಚೆಗೂ ರಸ್ತೆ ಇದ್ದದ್ದು ನಿಜ; ನಕ್ಷೆ ಸುಳ್ಳು ಹೇಳಿರಲಿಲ್ಲ. ಅದು ಯಾರ ರಸ್ತೆ ಎನ್ನುವುದನ್ನಷ್ಟೇ ಹೇಳಿರಲಿಲ್ಲ.

ಆದ್ದರಿಂದ ಹೊರಡುವ ಊರು ಮತ್ತು ಸೇರುವ ಊರು ಇವೆರಡನ್ನೇ ಕೊಟ್ಟು ಸುಮ್ಮನಾಗದೆ, ನಡುವೆ ಯಾವ ಯಾವ ಊರಿನ ಮೇಲೆ ಹೋಗಬೇಕೋ ಅವನ್ನೂ ಒಂದೊಂದಾಗಿ ಸೇರಿಸಿ. ಆಗ ತಂತ್ರಾಂಶಕ್ಕೆ ಬುದ್ಧಿವಂತಿಕೆ ತೋರಿಸಲು ಅವಕಾಶ ಕಡಿಮೆಯಾಗುತ್ತದೆ. ಹೊತ್ತನ್ನೂ ನೋಡಿಕೊಳ್ಳಿ. ಬಂಡೀಪುರದ ಕಾಡಿನ ದಾರಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ವಾಹನಗಳಿಗೆ ಬಂದ್. ಇದು 2009ರಿಂದಲೂ ಇರುವ ನಿಯಮವಾದರೂ, ಗುಂಡ್ಲುಪೇಟೆಯಿಂದ ಸುಲ್ತಾನ್ ಬತ್ತೇರಿಗೆ ರಾತ್ರಿ ಹತ್ತಕ್ಕೆ ಹೊರಡುತ್ತೇನೆಂದರೆ ಸಂತೋಷವಾಗಿ ದಾರಿ ತೋರಿಸುವ ತಂತ್ರಾಂಶಗಳು ಇನ್ನೂ ಇವೆ.

ಕಾನೂನಿನ ಮಾತು ಬಂದದ್ದರಿಂದ ಇನ್ನೊಂದು ವಿಷಯ. ನಮ್ಮಲ್ಲೂ 2020ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯಂತೆ, ವಾಹನ ಓಡಿಸುವಾಗ ಕೈಯಲ್ಲಿ ಹಿಡಿಯುವ ಸಂಪರ್ಕ ಸಾಧನಗಳನ್ನು ದಾರಿ ನೋಡುವುದಕ್ಕೆ ಮಾತ್ರ, ಅದೂ ಚಾಲಕನ ಗಮನ ಕದಡದಂತೆ ಬಳಸಬಹುದು. ಓಡುವ ಕಾರಿನಲ್ಲಿ ಒಂದು ಕೈ ಚಕ್ರದ ಮೇಲಿಟ್ಟು ಇನ್ನೊಂದು ಕೈಯಲ್ಲಿ ಊರಿನ ಹೆಸರು ಟೈಪ್ ಮಾಡುವುದು ಆ ಸಡಿಲಿಕೆಯೊಳಗೆ ಬರುತ್ತದೆಂದು ನನಗಂತೂ ಅನ್ನಿಸುವುದಿಲ್ಲ. ದಾರಿ ತಪ್ಪಿತೆಂಬ ಅನುಮಾನ ಬಂದರೆ ಮುಂದಿನ ಕೈಮರದ ಬಳಿ ನಿಲ್ಲಿಸಿ ನೋಡಿ.

ಉತ್ತರ 4: ನಕ್ಷೆಗಾರ

ನಕ್ಷೆಯ ಬಗ್ಗೆ ಯಾರೂ ಇನ್ನೂ ಉತ್ತರಿಸದ ಕಾರಣ ಬರೆಯುತ್ತಿದ್ದೇನೆ. ನಾನು ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಬಿಡುವಿನ ವೇಳೆಯಲ್ಲಿ ಮಲೆನಾಡಿನ ರಸ್ತೆಗಳನ್ನು ತಿದ್ದುವವನು. ಭಾರತದ ದತ್ತಾಂಶವನ್ನು ವಲಯಗಳಾಗಿ ವಿಂಗಡಿಸಿ ಜಿಯೋಫ್ಯಾಬ್ರಿಕ್ ತಾಣದಲ್ಲಿ ಪ್ರತಿದಿನವೂ ಹೊಸದಾಗಿ ಇಡುತ್ತಾರೆ. ಕರ್ನಾಟಕ ದಕ್ಷಿಣ ವಲಯದ ಕಡತದಲ್ಲಿ ಬರುತ್ತದೆ. ಅದನ್ನು ಇಳಿಸಿಕೊಂಡು ನಿಮ್ಮ ತಂತ್ರಾಂಶಕ್ಕೆ ಬೇಕಾದ ರೂಪಕ್ಕೆ ಪರಿವರ್ತಿಸಬೇಕು, ಅಥವಾ ತಂತ್ರಾಂಶದವರೇ ಸಿದ್ಧಪಡಿಸಿದ ಕಡತವಿದ್ದರೆ ಅದನ್ನು ತೆಗೆದುಕೊಳ್ಳಬೇಕು.

ಇಲ್ಲಿ ಎಷ್ಟೋ ಜನ ಎಡವುವ ಒಂದು ಜಾಗವಿದೆ. ಅನೇಕ ತಂತ್ರಾಂಶಗಳಲ್ಲಿ ಕಣ್ಣಿಗೆ ಕಾಣುವ ಚಿತ್ರ ಬೇರೆ, ದಾರಿ ಹುಡುಕುವುದಕ್ಕೆ ಬಳಸುವ ಜಾಲ ಬೇರೆ. ಎರಡೂ ಬೇರೆ ಬೇರೆ ಕಡತಗಳಲ್ಲಿರುತ್ತವೆ. ಚಿತ್ರವನ್ನು ಮಾತ್ರ ಬದಲಾಯಿಸಿದರೆ ಸೇತುವೆ ಕಾಣುತ್ತದೆ, ಆದರೆ ತಂತ್ರಾಂಶ ಅದರ ಮೇಲೆ ದಾರಿ ಕೊಡದೆ ನಿಮ್ಮನ್ನು ಮತ್ತೆ ಲಾಂಚಿಗೇ ಕಳಿಸುತ್ತದೆ. ಅದಕ್ಕಾಗಿ ಮನೆಯಲ್ಲಿಯೇ ಒಂದು ಪರೀಕ್ಷೆ ಮಾಡಿ: ಈ ದಡದ ಅಂಬಾರಗೊಡ್ಲಿನಿಂದ ಆ ದಡದ ಕಳಸವಳ್ಳಿಗೆ ದಾರಿ ಕೇಳಿ. ಹಿನ್ನೀರಿನ ಮೇಲೆ ನೇರವಾಗಿ ಎರಡು ಮೂರು ಕಿಲೋಮೀಟರಿನಲ್ಲಿ ಮುಗಿದರೆ, ಮತ್ತು ಸೂಚನೆಗಳಲ್ಲಿ ದೋಣಿಯ ಗುರುತಿಲ್ಲದಿದ್ದರೆ, ಎರಡೂ ಕಡತಗಳು ಹೊಸವೆಂದು ತಿಳಿಯಿರಿ. ನನ್ನ ಮಟ್ಟಿಗೆ ಈಗ ಇದೇ ಮಾಪಕವಾಗಿದೆ. ಯಾವ ನಕ್ಷೆ ಸಿಕ್ಕಿದರೂ ಮೊದಲು ಆ ಹೊಳೆಯನ್ನು ದಾಟಿಸಿ ನೋಡುತ್ತೇನೆ.

ಪೀಣ್ಯದ ವಿಷಯ ಹೇಳುವುದಾದರೆ, ಮೇಲ್ಸೇತುವೆಯೂ ಕೆಳಗಿನ ರಸ್ತೆಯೂ ಮೇಲಿನಿಂದ ನೋಡಿದಾಗ ಒಂದರ ಮೇಲೊಂದು ಬಿದ್ದಿರುತ್ತವೆ. ರಿಸೀವರ್ ಎತ್ತರವನ್ನೂ ಹೇಳುತ್ತದೆ ನಿಜ, ಆದರೆ ಎತ್ತರದಲ್ಲಿ ಅದರ ತಪ್ಪು ಅಡ್ಡಲಾಗಿ ಆಗುವ ತಪ್ಪಿಗಿಂತ ಹೆಚ್ಚು. ಹತ್ತು ಮೀಟರಿನ ವ್ಯತ್ಯಾಸವನ್ನು ನಂಬುವಂತಿಲ್ಲ. ಹಾಗಾಗಿ ತಂತ್ರಾಂಶ ಊಹೆ ಮಾಡುತ್ತದೆ. ಹೊಸೂರು ರಸ್ತೆಯ ಎಲೆಕ್ಟ್ರಾನಿಕ್ ಸಿಟಿ ಮೇಲ್ಸೇತುವೆಯ ಮೇಲೆ ಸುಮಾರು 10 ಕಿ.ಮೀ. ಉದ್ದಕ್ಕೂ ಇದೇ ಗೊಂದಲ ಆಗಬಹುದು. ಇಂಥ ಕಡೆ ಸೇತುವೆಯ ನಡುಭಾಗದಲ್ಲಿ, ಅಂದರೆ ಇಳಿಯುವ ದಾರಿಯಿಲ್ಲದ ಜಾಗದಲ್ಲಿ, ಹಾದುಹೋಗಲೇಬೇಕಾದ ಜಾಗವೆಂದು ಒಂದು ನಡುಬಿಂದುವನ್ನು ಮೊದಲೇ ಇಟ್ಟುಬಿಟ್ಟರೆ ಎಷ್ಟೋ ವಾಸಿ.

ಸಾಗರದವರು ಹೇಳಿದ ತೋಟದ ಗೇಟನ್ನು ನಕ್ಷೆಯಲ್ಲಿ ಖಾಸಗಿ ರಸ್ತೆಯೆಂದು ಗುರುತಿಸಲು ಸಾಧ್ಯವಿದೆ, ರಾತ್ರಿ ಬಂದ್ ಆಗುವ ಕಾಡುದಾರಿಗೆ ಹೊತ್ತಿನ ಷರತ್ತನ್ನೂ ಹಾಕಬಹುದು. ಆದರೆ ಹಾಕುವವರು ಅಲ್ಲಿಗೆ ಹೋದವರೇ ಆಗಬೇಕು. ಪ್ರಯಾಣದ ದಾಖಲೆಯನ್ನು ಜಿಪಿಎಕ್ಸ್ ಕಡತವಾಗಿ ಉಳಿಸಿಕೊಂಡಿದ್ದರೆ, ಎಲ್ಲಿಂದ ಎಲ್ಲಿಯವರೆಗೆ ಡಾಂಬರು ಇತ್ತು ಎಂದು ನೆನಪಿರುವಾಗಲೇ ಸೇರಿಸಿಬಿಡಿ ಸರ್. ಊರಿನ ಹೆಸರುಗಳನ್ನು ಕನ್ನಡದಲ್ಲಿ ತೋರಿಸುವ ಆಯ್ಕೆ ಕೂಡ ಹಲವು ತಂತ್ರಾಂಶಗಳಲ್ಲಿದೆ, ಅಮ್ಮನವರಿಗೆ ಅನುಕೂಲವಾದೀತು. ಸಣ್ಣ ಊರುಗಳಿಗೆ ಕನ್ನಡದ ಹೆಸರು ಇನ್ನೂ ತುಂಬಿಲ್ಲದಿದ್ದರೆ ಅಲ್ಲಿ ಇಂಗ್ಲಿಷೇ ಕಾಣುತ್ತದೆ.

ಪ್ರಶ್ನೆ ಕೇಳಿದವರಿಂದ ಮತ್ತೆ: ಹೊಳೆಬಾಗಿಲು_ಯಾತ್ರಿಕ

ಎಲ್ಲರಿಗೂ ಧನ್ಯವಾದ. ಈ ಶನಿವಾರ ತಿಪಟೂರಿಗೆ ಹೋಗಿಬರುವ ಕೆಲಸವಿತ್ತು, ಹಾಗಾಗಿ ಹೇಳಿದ್ದನ್ನೆಲ್ಲ ಪ್ರಯೋಗಿಸಿ ನೋಡಿದೆ. ಗೇಟಿನ ಹೊರಗೆ ಕಾರು ನಿಲ್ಲಿಸಿದ್ದಾಗ ಎರಡು ನಿಮಿಷದೊಳಗೆ ಸ್ಥಾನ ಸಿಕ್ಕಿತು. ಬಾಲ್‌ಪಾಯಿಂಟನ್ನು ನಿಷ್ಕ್ರಿಯಗೊಳಿಸಿದ ಮೇಲೆ ಮೌಸ್ ಸುಮ್ಮನಿದೆ. ನಕ್ಷೆಗಾರರು ಹೇಳಿದ ಪರೀಕ್ಷೆಯಲ್ಲಿ ನಾನು ಮೊದಲ ಸಲ ಫೇಲಾದೆ: ಚಿತ್ರದಲ್ಲಿ ಸೇತುವೆ ಬಂದಿತ್ತು, ದಾರಿ ಮಾತ್ರ ಲಾಂಚಿನ ಮೇಲೆಯೇ ಹೋಗುತ್ತಿತ್ತು. ದಾರಿಯ ಕಡತವನ್ನೂ ಬದಲಾಯಿಸಿದ ಮೇಲೆ ಸರಿಹೋಯಿತು.

ಹೆದ್ದಾರಿಗೆ ತಂತ್ರಾಂಶ ಮೊದಲೇ ಇಟ್ಟಿದ್ದ ವೇಗ 90, ಅದನ್ನು 60ಕ್ಕೆ ಇಳಿಸಿದೆ. ಊರೊಳಗಿನ ರಸ್ತೆಗೆ 20. ಅದು ಮೂರು ಗಂಟೆ ಹತ್ತು ನಿಮಿಷ ಎಂದಿತು, ನಮಗೆ ಮೂರೂಕಾಲು ಗಂಟೆ ಹಿಡಿಯಿತು. ಲ್ಯಾಪ್‌ಟಾಪ್ ಈಗ ಹಿಂದಿನ ಸೀಟಿನಲ್ಲಿ ಮಗಳ ಬಳಿ ಇರುತ್ತದೆ, ಅಮ್ಮನ ಕೈಯಲ್ಲಿ ಅಚ್ಚುಹಾಕಿದ ಹಾಳೆ. ಗುಬ್ಬಿಯ ಹತ್ತಿರ ಇಬ್ಬರೂ ಒಟ್ಟಿಗೆ, ಒಬ್ಬರು ಎಡಕ್ಕೆಂದೂ ಇನ್ನೊಬ್ಬರು ನೇರವೆಂದೂ ಹೇಳಿದಾಗ, ಬದಿಗೆ ನಿಲ್ಲಿಸಿ ನೋಡಿದೆ. ಹಾಳೆಯೇ ಸರಿಯಿತ್ತು. ಮಗಳು ಪರದೆಯನ್ನು ತಲೆಕೆಳಗಾಗಿ ಹಿಡಿದಿದ್ದಳು.